ಫ್ರೀಡಂ, ಲಿಬರ್ಟಿ ಮತ್ತು ನಮ್ಮ ಒಂದೇ ಸ್ವಾತಂತ್ರ್ಯ
(ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತಿರುವ ಲೇಖಕರಿಗೊಂದು ಬಹಿರಂಗ ಪತ್ರ)



ಇಂಗ್ಲಿಷಿನಲ್ಲಿ ಫ್ರೀಡಂ ಎಂಬುದೊಂದು ಮಾತು, ಲಿಬರ್ಟಿ ಎಂಬುದೊಂದು, ಇಂಡಿಪೆಂಡೆನ್ಸ್ ಎಂಬುದು ಮತ್ತೊಂದು. ಬೇರೆ ಬೇರೆ ಕಾಲಗಳಲ್ಲಿ, ಬೇರೆ ಬೇರೆ ಜನರ ಬಾಯಲ್ಲಿ ಬಳಕೆಯಾಗಿ, ಬೇರೆ ಬೇರೆ ಅನುಭವಗಳ ಭಾರವನ್ನು ಹೊತ್ತು ಬಂದ ಈ ಮೂರೂ ತಮ್ಮ ಲೇಖನಿಯ ಮೂಲಕ ಕನ್ನಡಕ್ಕೆ ಇಳಿಯುವಾಗ ಬಹುಮಟ್ಟಿಗೆ ‘ಸ್ವಾತಂತ್ರ್ಯ’ವೆಂಬ ಒಂದೇ ಶಬ್ದದಲ್ಲಿ ಲೀನವಾಗಿಬಿಡುವುದನ್ನು, ಇತಿಹಾಸ, ರಾಜ್ಯಶಾಸ್ತ್ರ, ನ್ಯಾಯಶಾಸ್ತ್ರಗಳ ಅನುವಾದಗಳನ್ನು ಬಹುಕಾಲದಿಂದ ಆದರಪೂರ್ವಕವಾಗಿ ಓದುತ್ತ ಬಂದಿರುವ ನಾನು ಗಮನಿಸಿದ್ದೇನೆ. ಸ್ವಾತಂತ್ರ್ಯವೆಂಬುದು ಪೂಜ್ಯವಾದ ಶಬ್ದ. ಅದನ್ನು ಉಚ್ಚರಿಸಿದ್ದಕ್ಕಾಗಿಯೇ ನಮ್ಮ ಹಿರಿಯರು ಸೆರೆಮನೆ ಕಂಡರು. ಆ ಶಬ್ದದ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಮೂಲ ಲೇಖಕನು ಎರಡು ಮಾತುಗಳನ್ನು ಬುದ್ಧಿಪೂರ್ವಕವಾಗಿ ಬೇರೆ ಬೇರೆ ಇರಿಸಿದ ಕಡೆಯಲ್ಲಿ ಅನುವಾದಕನು ಒಂದನ್ನೇ ಇರಿಸಿದರೆ, ಆ ಎರಡರ ನಡುವೆ ನಡೆದ ವಿಚಾರದ ಪ್ರಯಾಣವೆಲ್ಲ ಕನ್ನಡದ ಓದುಗನಿಗೆ ಕಾಣದೆ ಹೋಗುತ್ತದೆ. ಅದೇ ನನ್ನ ಚಿಂತೆ, ಮತ್ತು ಈ ಪತ್ರಕ್ಕೆ ಕಾರಣ.

1863ನೆಯ ಇಸವಿ ನವೆಂಬರ್ 19ರಂದು ಅಮೆರಿಕದ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ನರು ಗೆಟಿಸ್‌ಬರ್ಗಿನ ರಣಭೂಮಿಯಲ್ಲಿ, ಮಡಿದ ಯೋಧರ ರುದ್ರಭೂಮಿಯನ್ನು ಸಮರ್ಪಿಸುತ್ತ ಮಾಡಿದ ಭಾಷಣವನ್ನು ತಮ್ಮಲ್ಲಿ ಅನೇಕರು ಅನುವಾದಿಸಿರಬಹುದು. ಮುನ್ನೂರು ಪದಗಳಿಗೂ ಕಡಮೆಯಾದ ಆ ಭಾಷಣದ ಮೊದಲ ವಾಕ್ಯದಲ್ಲಿ, ಪೂರ್ವಿಕರು ಕಟ್ಟಿದ ರಾಷ್ಟ್ರದ ಹುಟ್ಟನ್ನು ಹೇಳುವಾಗ, ಲಿಂಕನ್ನರು ಬಳಸಿದ್ದು ಲಿಬರ್ಟಿ ಎಂಬ ಮಾತನ್ನು. ಕೊನೆಯ ವಾಕ್ಯದಲ್ಲಿ, ಆ ರಾಷ್ಟ್ರ ಮರುಹುಟ್ಟು ಪಡೆಯಬೇಕಾದದ್ದನ್ನು ಹೇಳುವಾಗ, ಬಳಸಿದ್ದು ಫ್ರೀಡಂ ಎಂಬ ಮಾತನ್ನು. 1776ರ ಜುಲೈ 4ರ ಅಮೆರಿಕದ ಇಂಡಿಪೆಂಡೆನ್ಸ್ ಘೋಷಣೆ ಲಿಬರ್ಟಿಯನ್ನು ಮನುಷ್ಯರೆಲ್ಲರ ಜನ್ಮಸಿದ್ಧ ಹಕ್ಕುಗಳಲ್ಲಿ ಒಂದೆಂದು ಸಾರಿತ್ತು; ಅದರ ಕರಡನ್ನು ಬರೆದ ಜೆಫರ್ಸನ್ನರಾದರೋ ಸ್ವತಃ ಗುಲಾಮರ ಒಡೆಯರಾಗಿದ್ದರು. ಲಿಬರ್ಟಿಗಾಗಿ ಅತ್ಯಂತ ದೊಡ್ಡ ಧ್ವನಿಯಲ್ಲಿ ಮೊರೆಯಿಡುವವರು ಗುಲಾಮರನ್ನು ದುಡಿಸುತ್ತಿರುವವರೇ ಆಗಿರುವುದು ಹೇಗೆಂದು ಇಂಗ್ಲೆಂಡಿನ ನಿಘಂಟುಕಾರ ಸ್ಯಾಮ್ಯುಅಲ್ ಜಾನ್ಸನ್ನರು 1775ರಲ್ಲಿಯೇ ಕೇಳಿದ್ದರು. ಆ ಪ್ರಶ್ನೆಗೆ ಉತ್ತರ ದೊರೆಯುವುದಕ್ಕೆ ಎಂಬತ್ತೆಂಟು ವರ್ಷಗಳೂ ಒಂದು ಘೋರವಾದ ಅಂತರ್ಯುದ್ಧವೂ ಬೇಕಾದುವು. 1863ರ ಜನವರಿ 1ರಂದು ದಂಗೆಯೆದ್ದ ಸಂಸ್ಥಾನಗಳ ಗುಲಾಮರನ್ನು ವಿಮುಕ್ತರೆಂದು ಘೋಷಿಸಿದ ಕೈಯೇ ಅದೇ ವರ್ಷದ ನವೆಂಬರಿನಲ್ಲಿ ಈ ಭಾಷಣವನ್ನು ಬರೆದದ್ದೆಂಬುದನ್ನು ನೆನೆದಾಗ, ಆರಂಭದ ಮಾತಿಗೂ ಅಂತ್ಯದ ಮಾತಿಗೂ ಇರುವ ಅಂತರ ಕೇವಲ ಪುನರುಕ್ತಿಯನ್ನು ತಪ್ಪಿಸುವ ಅಲಂಕಾರವಲ್ಲವೆಂದು ನನಗೆ ತೋರುತ್ತದೆ. ಎರಡು ಕಡೆಯೂ ‘ಸ್ವಾತಂತ್ರ್ಯ’ವೆಂದೇ ಬರೆದರೆ, ಇದ್ದದ್ದೇ ಮತ್ತೊಮ್ಮೆ ಹುಟ್ಟಿತೆಂದು ಹೇಳಿದಂತಾಗುತ್ತದೆಯೇ ಹೊರತು, ಮೊದಲು ಕೆಲವರಿಗೆ ಮಾತ್ರ ಇದ್ದುದು ಈಗ ಎಲ್ಲರದೂ ಆಗಬೇಕೆಂಬ ಆ ಮಹಾನುಭಾವರ ಆಶಯ ಓದುಗನಿಗೆ ಮುಟ್ಟುವುದಿಲ್ಲ.

ಈ ಅಂತರ ತಿಳಿಯಬೇಕಾದರೆ ಶಬ್ದಗಳ ಹುಟ್ಟನ್ನು ನೋಡಬೇಕು. ಫ್ರೀ ಎಂಬುದು ಇಂಗ್ಲಿಷರ ಮನೆಮಾತಿನ, ಅಂದರೆ ಜರ್ಮಾನಿಕ್ ಮೂಲದ, ಅತಿ ಪ್ರಾಚೀನ ಶಬ್ದ. ಒಂಬತ್ತನೆಯ ಶತಮಾನದ ಆಲ್ಫ್ರೆಡ್ ದೊರೆಯ ಕಾಲದ ಬರೆಹಗಳಲ್ಲಿಯೇ ಅದರಿಂದಾದ ಫ್ರೀಡಂ ಕೂಡ ಕಾಣಿಸುತ್ತದೆ. ಕನ್ನಡಿಗರಿಗೆ ಈ ಶಬ್ದದ ವಿಷಯದಲ್ಲಿ ವಿಶೇಷವಾದ ಕುತೂಹಲ ಹುಟ್ಟಬೇಕಾದ ಒಂದು ಸಂಗತಿಯುಂಟು. ಫ್ರೀ ಎಂಬುದಕ್ಕೂ ಸಂಸ್ಕೃತದ ‘ಪ್ರಿಯ’ ಎಂಬುದಕ್ಕೂ ಮೂಲ ಒಂದೇ. ಸ್ನೇಹಿತನೆಂಬ ಅರ್ಥದ ಫ್ರೆಂಡ್ ಎಂಬ ಶಬ್ದವೂ ಆ ಬೇರಿನದೇ. ‘ಪ್ರೀತಿಸುವವನು’ ಎಂಬುದು ಅದರ ಮೂಲಾರ್ಥ. ಪ್ರಿಯನಾದವನು ‘ಬಂಧನವಿಲ್ಲದವನು’ ಆದದ್ದು ಹೇಗೆಂಬುದಕ್ಕೆ ಭಾಷಾಶಾಸ್ತ್ರಜ್ಞರು ಕೊಡುವ ಸಮಾಧಾನ ಹೀಗಿದೆ: ಆ ಪುರಾತನ ಸಮಾಜದ ಒಂದು ಮನೆಯಲ್ಲಿ ಇರುತ್ತಿದ್ದವರು ಎರಡು ಬಗೆ, ಮನೆಯವರು, ರಕ್ತಸಂಬಂಧಿಗಳು, ಪ್ರೀತಿಗೆ ಪಾತ್ರರಾದವರು ಒಂದು ಕಡೆ, ಯುದ್ಧದಲ್ಲಿ ಸೆರೆಸಿಕ್ಕಿ ದಾಸರಾದ ಹೊರಗಿನವರು ಇನ್ನೊಂದು ಕಡೆ. ಮನೆಯವರೆನ್ನಿಸಿಕೊಂಡವರೇ ಫ್ರೀ. ಇನ್ನು ‘ಡಂ’ ಎಂಬ ಪ್ರತ್ಯಯದ ಹಿಂದಿರುವುದು ಕಟ್ಟಳೆ, ತೀರ್ಪು, ಸ್ಥಿತಿ ಎಂಬ ಅರ್ಥಗಳ ಒಂದು ಹಳೆಯ ನಾಮಪದ. ಅದರ ಧಾತುವು ನಮ್ಮ ‘ಧಾಮ’ ಎಂಬ ಶಬ್ದದಲ್ಲಿರುವ ‘ಧಾ’ ಧಾತುವಿನ ಬಂಧುವೇ. ಹೀಗೆ ಫ್ರೀಡಂ ಎಂಬುದರ ಎರಡು ಅವಯವಗಳಿಗೂ ನಮ್ಮ ತತ್ಸಮ ಶಬ್ದಸಂಪತ್ತಿನಲ್ಲಿ ನೆಂಟರಿದ್ದಾರೆ.

ವ್ಯುತ್ಪತ್ತಿಯೇ ಅರ್ಥವೆಂದು ನಾನು ಹೇಳುತ್ತಿಲ್ಲ. ಇಂದು ಇಂಗ್ಲಿಷ್ ಆಡುವವನಾರೂ ಫ್ರೀ ಎನ್ನುವಾಗ ಪ್ರೀತಿಯನ್ನು ನೆನೆಯುವುದಿಲ್ಲ. ಆದರೂ ಶಬ್ದವು ಹುಟ್ಟಿದ ನೆಲದ ಗುಣವನ್ನು ಸಂಪೂರ್ಣವಾಗಿ ಕಳೆದುಕೊಳ್ಳುವುದು ಅಪೂರ್ವ. ತಾನು ಹೊರಗಿನವನಲ್ಲ, ತಾನೂ ಈ ಮನೆಯವನೇ ಎಂದು ಸಾಧಿಸಬೇಕಾಗಿ ಬಂದವರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಜೀವ ತಳೆದಿರುವುದನ್ನು ಇತಿಹಾಸದಲ್ಲಿ ನೋಡಬಹುದು. ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡು ಬಂದ ಫ್ರೆಡೆರಿಕ್ ಡಗ್ಲಾಸ್ 1855ರಲ್ಲಿ ಪ್ರಕಟಿಸಿದ ಆತ್ಮಕಥೆಯ ಹೆಸರಿನಲ್ಲಿ ದಾಸ್ಯಕ್ಕೆ ಎದುರಾಗಿ ನಿಂತಿರುವುದು ಫ್ರೀಡಂ. 1955ರಲ್ಲಿ ದಕ್ಷಿಣ ಆಫ್ರಿಕದ ಜನ ಕ್ಲಿಪ್‌ಟೌನಿನಲ್ಲಿ ಸೇರಿ ಅಂಗೀಕರಿಸಿದ ಸನ್ನದಿನ ಹೆಸರಿನಲ್ಲಿರುವುದು ಫ್ರೀಡಂ. 1963ರ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗರು ಮಾತನಾಡಿದ ವಾಷಿಂಗ್‌ಟನ್ನಿನ ಮಹಾಯಾತ್ರೆ ಹೊರಟದ್ದು ಉದ್ಯೋಗಕ್ಕಾಗಿ ಮತ್ತು ಫ್ರೀಡಂಗಾಗಿ. ನೆಲ್ಸನ್ ಮಂಡೇಲರ 1994ರ ಆತ್ಮಕಥೆಯ ದೀರ್ಘವಾದ ನಡಿಗೆಯೂ ಫ್ರೀಡಂ ಕಡೆಗೇ. ನಮ್ಮ ಸತ್ಯಾಗ್ರಹಿಗಳನ್ನು ಇಂಗ್ಲಿಷಿನಲ್ಲಿ ಫ್ರೀಡಂ ಫೈಟರ್ ಎನ್ನುತ್ತಾರೆಯೇ ಹೊರತು ಲಿಬರ್ಟಿ ಫೈಟರ್ ಎಂದು ಯಾರೂ ಅನ್ನುವುದಿಲ್ಲವೆಂಬುದನ್ನೂ ತಾವು ಗಮನಿಸಿರಬೇಕು.

ಲಿಬರ್ಟಿಯ ಕುಲ ಬೇರೆ. ಅದು ಲ್ಯಾಟಿನ್ನಿನಿಂದ ಫ್ರೆಂಚ್ ಭಾಷೆಯ ಮಾರ್ಗವಾಗಿ, ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದದ್ದು. ರೋಮನರಿಗೆ ಲಿಬರ್ತಾಸ್ ಎಂಬುದು ಒಬ್ಬ ದೇವತೆಯ ಹೆಸರು. ದಾಸ್ಯದಿಂದ ಬಿಡಿಸಲ್ಪಟ್ಟವನು ಪೌರನೆನಿಸಿದಾಗ ಧರಿಸುತ್ತಿದ್ದ ಟೊಪ್ಪಿಗೆಯೇ ಆಕೆಯ ಲಾಂಛನ. 1886ರಲ್ಲಿ ನ್ಯೂಯಾರ್ಕಿನ ರೇವಿನಲ್ಲಿ ಪ್ರತಿಷ್ಠಿತಳಾಗಿ ದೀವಟಿಗೆಯನ್ನು ಎತ್ತಿ ಹಿಡಿದಿರುವವಳು ಅವಳ ವಂಶದವಳೇ. ಆದರೆ ಇಂಗ್ಲೆಂಡಿನಲ್ಲಿ ಈ ಶಬ್ದಕ್ಕೆ ಮೈ ಬಂದದ್ದು ದೇವಾಲಯದಲ್ಲಲ್ಲ, ದಸ್ತಾವೇಜುಗಳಲ್ಲಿ. 1215ರಲ್ಲಿ ಜಾನ್ ದೊರೆಯಿಂದ ಅವನ ಸರದಾರರು ಬಲಾತ್ಕಾರವಾಗಿ ಪಡೆದ ಮಹಾಸನ್ನದು ಲ್ಯಾಟಿನ್ನಿನಲ್ಲಿದೆ. ಅಲ್ಲಿ ಈ ಶಬ್ದ ಬರುವುದು ಹೆಚ್ಚಾಗಿ ಬಹುವಚನದಲ್ಲಿ. ಧರ್ಮಪೀಠದ ಲಿಬರ್ಟಿಗಳು, ಲಂಡನ್ ನಗರದ ಲಿಬರ್ಟಿಗಳು ಎಂದರೆ, ದೊರೆಯು ಕೈಹಾಕಲಾಗದಂತೆ ಆಯಾ ಸಂಸ್ಥೆಗಳಿಗೆ ಬರೆದುಕೊಟ್ಟ ವಿನಾಯಿತಿಗಳು, ವಿಶೇಷಾಧಿಕಾರಗಳು. ಪಟ್ಟಣದ ಅಧಿಕಾರಕ್ಕೆ ಒಳಪಡದ ಕೇರಿಗಳಿಗೂ ಲಿಬರ್ಟಿ ಎಂಬ ಹೆಸರೇ ನಿಂತಿತು. ಡಬ್ಲಿನ್ನಿನಲ್ಲಿ ಅಂಥ ಒಂದು ಪ್ರದೇಶ ಇಂದಿಗೂ ಆ ಹೆಸರಿನಿಂದಲೇ ಕರೆಯಲ್ಪಡುತ್ತಿದೆ. ಹೀಗೆ ಲಿಬರ್ಟಿಗೆ ಅಂಚುಂಟು, ಮಿತಿಯುಂಟು, ಅದನ್ನು ಕೊಟ್ಟವರುಂಟು, ಪಡೆದವರುಂಟು. ಆದುದರಿಂದಲೇ ಅದನ್ನು ಎಣಿಸಬಹುದು, ಒಂದೊಂದಾಗಿ ಹೆಸರಿಸಬಹುದು, ನ್ಯಾಯಾಲಯದಲ್ಲಿ ಕೇಳಬಹುದು. ಆ ಮಿತಿಯನ್ನು ದಾಟಿ ಸಲಿಗೆ ತೆಗೆದುಕೊಳ್ಳುವವನನ್ನು ಕುರಿತು, ಅವನು ಲಿಬರ್ಟಿ ತೆಗೆದುಕೊಂಡನೆಂದು ಇಂಗ್ಲಿಷರು ಅಸಮಾಧಾನದಿಂದ ಹೇಳುವ ವಾಡಿಕೆಯೂ ಉಂಟು. ಜಾನ್ ಸ್ಟೂಅರ್ಟ್ ಮಿಲ್ಲರು ತಮ್ಮ 1859ರ ಗ್ರಂಥಕ್ಕೆ ಲಿಬರ್ಟಿ ಎಂಬ ಹೆಸರನ್ನಿಟ್ಟು, ತಾವು ಚರ್ಚಿಸುವುದು ಇಚ್ಛೆಯ ಸ್ವಾತಂತ್ರ್ಯವನ್ನಲ್ಲ, ಸಮಾಜವು ವ್ಯಕ್ತಿಯ ಮೇಲೆ ನ್ಯಾಯವಾಗಿ ಎಷ್ಟು ಅಧಿಕಾರ ನಡೆಸಬಹುದೆಂಬುದನ್ನು ಎಂದು ಮೊದಲಿಗೇ ಸ್ಪಷ್ಟಪಡಿಸಿದರು. ಗೆರೆ ಎಲ್ಲಿ ಎಂಬುದೇ ಅವರ ಪ್ರಶ್ನೆ.

ಈ ಗೆರೆಯ ವಿಷಯದಲ್ಲಿ ಲಿಂಕನ್ನರದೇ ಇನ್ನೊಂದು ಮಾತನ್ನು ಇಲ್ಲಿ ಸ್ಮರಿಸಬೇಕೆನ್ನಿಸುತ್ತದೆ. 1864ರ ಏಪ್ರಿಲಿನಲ್ಲಿ ಬಾಲ್ಟಿಮೋರಿನಲ್ಲಿ ಮಾತನಾಡುತ್ತ ಅವರು, ಲಿಬರ್ಟಿಗೆ ಸಮರ್ಪಕವಾದ ಲಕ್ಷಣವಾಕ್ಯವೊಂದು ಜಗತ್ತಿಗೆ ಎಂದೂ ದೊರೆತಿಲ್ಲವೆಂದರು. ಕುರುಬನು ಕುರಿಯ ಕೊರಳಿನಿಂದ ತೋಳವನ್ನು ಬಿಡಿಸಿ ಓಡಿಸಿದಾಗ ಕುರಿ ಅವನನ್ನು ವಿಮೋಚಕನೆಂದು ವಂದಿಸುತ್ತದೆ. ತೋಳವಾದರೋ ಅದೇ ಕಾರ್ಯಕ್ಕಾಗಿ ಅವನನ್ನು ಲಿಬರ್ಟಿಯ ನಾಶಕನೆಂದು ಹಳಿಯುತ್ತದೆ. ವಿಶೇಷವಾಗಿ ಆ ಕುರಿ ಕಪ್ಪು ಬಣ್ಣದ್ದಾಗಿದ್ದುದರಿಂದ ಹಾಗೆ ಎಂದು ಅವರು ಸೇರಿಸಿದರು. ಇದನ್ನು ಕನ್ನಡಿಸುವಾಗ ತೋಳದ ಬಾಯಿಗೂ ಕುರಿಯ ಬಾಯಿಗೂ ಒಂದೇ ಶಬ್ದವನ್ನು ಕೊಡುವುದು ನ್ಯಾಯವೇ. ಏಕೆಂದರೆ ಒಂದೇ ಶಬ್ದವನ್ನು ಇಬ್ಬರೂ ಬಳಸುವುದೇ ಅಲ್ಲಿಯ ವಿಚಾರದ ತಿರುಳು. ಯಾವ ಸಂದರ್ಭದಲ್ಲಿ ಒಂದು, ಯಾವ ಸಂದರ್ಭದಲ್ಲಿ ಎರಡು ಎಂಬ ವಿವೇಚನೆ ಅನುವಾದಕನದು. ನಿಘಂಟು ಆ ಕೆಲಸವನ್ನು ಅವನಿಗಾಗಿ ಮಾಡಿಕೊಡಲಾರದು.

ಪ್ರತಿಪಕ್ಷವನ್ನು ಮರೆಮಾಚಬಾರದು. ಇಂಗ್ಲಿಷಿನ ದೊಡ್ಡ ಚಿಂತಕರಲ್ಲಿಯೇ ಕೆಲವರು ಈ ಎರಡು ಶಬ್ದಗಳಿಗೆ ಭೇದವೆಣಿಸಿಲ್ಲ. 1651ರ ‘ಲೆವಯಥನ್’ನಲ್ಲಿ ಹಾಬ್ಸ್ ಎರಡನ್ನೂ ಜೊತೆಯಾಗಿ ಹೇಳಿ ಒಂದೇ ಲಕ್ಷಣವನ್ನು ಕೊಡುತ್ತಾನೆ, 1958ರಲ್ಲಿ ಆಕ್ಸ್‌ಫರ್ಡಿನಲ್ಲಿ ಎರಡು ಬಗೆಯ ಲಿಬರ್ಟಿಯನ್ನು ಕುರಿತು ಪ್ರಸಿದ್ಧವಾದ ಉಪನ್ಯಾಸವನ್ನು ಮಾಡಿದ ಐಸಯ ಬರ್ಲಿನ್ನರು ತಾವು ಎರಡು ಶಬ್ದಗಳನ್ನೂ ಒಂದೇ ಅರ್ಥದಲ್ಲಿ ಬಳಸುವುದಾಗಿ ಮೊದಲೇ ಹೇಳಿಬಿಡುತ್ತಾರೆ. ಅಂಥ ಗ್ರಂಥಗಳಲ್ಲಿ ಆದ್ಯಂತವಾಗಿ ‘ಸ್ವಾತಂತ್ರ್ಯ’ವೆಂದು ಬರೆಯುವುದೇ ಪ್ರಾಮಾಣಿಕವಾದ ಅನುವಾದ. ಆದರೆ ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ, ಸೀಸರನು ಬಿದ್ದೊಡನೆಯೇ ಸಂಚುಗಾರನೊಬ್ಬ ಎರಡು ಶಬ್ದಗಳನ್ನೂ ಒಂದೇ ಉಸಿರಿನಲ್ಲಿ ಕೂಗಿದಾಗ ಏನು ಮಾಡೋಣ? ಅಲ್ಲಿ ಅರ್ಥಭೇದ ಅಷ್ಟಾಗಿ ಇಲ್ಲದಿದ್ದರೂ ಕೂಗಿಗೆ ಎರಡು ಮಾತು ಬೇಕೇ ಬೇಕು. ಸ್ವಾತಂತ್ರ್ಯವೆಂದೊಮ್ಮೆ, ಬಿಡುಗಡೆಯೆಂದೊಮ್ಮೆ ಕೂಗಿಸಿದರೆ ಕನ್ನಡದ ರಂಗಭೂಮಿಗೆ ಅದು ಸಹಜವಾಗಿಯೇ ಒದಗುತ್ತದೆ.

ಇದು ಪಂಡಿತರ ವಿನೋದವಷ್ಟೆ, ಜೀವನಕ್ಕೆ ಇದರಿಂದೇನೆಂದು ಕೇಳುವವರಿಗೆ ನಮ್ಮ ಸಂವಿಧಾನವನ್ನೇ ತೋರಿಸಬೇಕು. ಅದರ ಪ್ರಸ್ತಾವನೆಯಲ್ಲಿ ವಿಚಾರ, ಅಭಿವ್ಯಕ್ತಿ ಮೊದಲಾದವುಗಳಿಗೆ ಸಂಬಂಧಿಸಿ ಇರುವ ಇಂಗ್ಲಿಷ್ ಶಬ್ದ ಲಿಬರ್ಟಿ. 19ನೆಯ ಅನುಚ್ಛೇದದಲ್ಲಿ ಮಾತಿಗೆ ಸಂಬಂಧಿಸಿ ಇರುವುದು ಫ್ರೀಡಂ. 21ನೆಯ ಅನುಚ್ಛೇದದಲ್ಲಿ ಪ್ರಾಣದ ಜೊತೆಗೆ ಇರುವುದು ಮತ್ತೆ ಲಿಬರ್ಟಿ, ಅದೂ ‘ವೈಯಕ್ತಿಕ’ವೆಂಬ ವಿಶೇಷಣದೊಡನೆ. ಈ ವಿಶೇಷಣ ಅಕಸ್ಮಾತ್ತಾಗಿ ಬಂದದ್ದಲ್ಲ. ಬರಿಯ ಲಿಬರ್ಟಿ ಎಂದು ಬಿಟ್ಟರೆ ಅದರ ಅರ್ಥ ವಿಸ್ತಾರವಾಗಿ, ಬೇರೆ ಅನುಚ್ಛೇದದಲ್ಲಿ ಪ್ರತ್ಯೇಕವಾಗಿ ಹೇಳಿರುವ ಫ್ರೀಡಂಗಳೂ ಅದರೊಳಗೇ ಸೇರಿಹೋದಾವೆಂದು ಭಾವಿಸಿ ಕರಡು ಸಮಿತಿಯು ಅದನ್ನು ಸೇರಿಸಿತು. ಗಣರಾಜ್ಯ ಸ್ಥಾಪನೆಯಾದ ವರ್ಷದಲ್ಲಿಯೇ, 1950ರಲ್ಲಿ, ಎ. ಕೆ. ಗೋಪಾಲನ್ನರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತವು 19ನೆಯದರ ಫ್ರೀಡಂಗಳೇ ಬೇರೆ, 21ನೆಯದರ ಲಿಬರ್ಟಿಯೇ ಬೇರೆ ಎಂದು ಅವುಗಳ ನಡುವೆ ಗೋಡೆಯನ್ನೆಬ್ಬಿಸಿತು. ಮುನ್ನೆಚ್ಚರಿಕೆಯ ಬಂಧನದಲ್ಲಿದ್ದ ಗೋಪಾಲನ್ನರು ಒಳಗೇ ಉಳಿದರು. 1976ರ ಏಪ್ರಿಲಿನಲ್ಲಿ, ತುರ್ತುಪರಿಸ್ಥಿತಿಯ ಕಾಲದ ಬಂದಿಗಳ ಅರ್ಜಿಗಳನ್ನು ತೀರ್ಮಾನಿಸುವಾಗ, ಕರ್ನಾಟಕವೂ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳ ನಿಲುವನ್ನು ತಳ್ಳಿಹಾಕಿ, ಆ ಲಿಬರ್ಟಿಯನ್ನು ಕೇಳುವ ದಾರಿಯೇ ಸದ್ಯಕ್ಕೆ ಮುಚ್ಚಿದೆಯೆಂದು ಸರ್ವೋಚ್ಚ ನ್ಯಾಯಾಲಯದ ಬಹುಮತ ಹೇಳಿತು. ನ್ಯಾಯಮೂರ್ತಿ ಹನ್ಸರಾಜ್ ಖನ್ನಾ ಒಬ್ಬರೇ ಭಿನ್ನವಾಗಿ ನಿಂತರು. ಗೋಡೆ ಒಡೆದದ್ದು 1978ರ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ. ಅದೇ ಲಿಬರ್ಟಿ ಎಂಬ ಶಬ್ದದೊಳಗಿನಿಂದ ಖಾಸಗಿತನದ ಹಕ್ಕನ್ನು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಏಕಮತದಿಂದ ಎತ್ತಿ ತೋರಿಸಿತು. ಅದಕ್ಕೆ ಅರ್ಜಿದಾರರಾಗಿದ್ದವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು.

1950ರಿಂದ 1978ರವರೆಗೆ ಇಪ್ಪತ್ತೆಂಟು ವರ್ಷ ನಡೆದ ಈ ವಾದವನ್ನು, ಎರಡು ಕಡೆಯೂ ‘ಸ್ವಾತಂತ್ರ್ಯ’ವೆಂದೇ ಬರೆದಿರುವ ಕನ್ನಡ ಪಠ್ಯವನ್ನು ಓದುವ ನಮ್ಮ ವಿದ್ಯಾರ್ಥಿಯು ಹೇಗೆ ಅರ್ಥಮಾಡಿಕೊಂಡಾನು? ಸ್ವಾತಂತ್ರ್ಯವೂ ಸ್ವಾತಂತ್ರ್ಯವೂ ಬೇರೆಯೆಂದು ನ್ಯಾಯಾಲಯ ಹೇಳಿತೆಂಬ ವಾಕ್ಯ ಅವನಿಗೆ ಒಗಟಾಗದೆ ಇನ್ನೇನಾದೀತು?

ಇಂಡಿಪೆಂಡೆನ್ಸ್ ಎಂಬ ಮೂರನೆಯ ಮಾತಿನ ವಿಷಯ ಅಷ್ಟು ತೊಡಕಿನದಲ್ಲ. ಒಂದರಿಂದ ಜೋತುಬಿದ್ದಿರುವುದು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದಕ್ಕೆ ನಿಷೇಧ ಸೇರಿ ಆದ ಶಬ್ದ ಅದು. ಇನ್ನೊಬ್ಬರನ್ನು ಆಶ್ರಯಿಸದಿರುವ ಸ್ಥಿತಿ. ಗಾಂಧೀಜಿಯವರು 1931ರಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ, ಸ್ವರಾಜ್ಯವೆಂಬುದು ವೈದಿಕವಾದ ಪವಿತ್ರ ಶಬ್ದವೆಂದೂ, ಅದಕ್ಕೆ ತನ್ನನ್ನು ತಾನು ಆಳಿಕೊಳ್ಳುವುದು, ನಿಗ್ರಹಿಸಿಕೊಳ್ಳುವುದು ಎಂದು ಅರ್ಥವೆಂದೂ, ಇಂಡಿಪೆಂಡೆನ್ಸ್ ಎಂಬುದಕ್ಕೆ ಅನೇಕ ವೇಳೆ ಬರುವ ಸರ್ವನಿರ್ಬಂಧರಾಹಿತ್ಯವೆಂಬ ಅರ್ಥ ಅದಕ್ಕಿಲ್ಲವೆಂದೂ ಬರೆದರು. 1929ರ ಲಾಹೋರ್ ಕಾಂಗ್ರೆಸ್ಸು ಪೂರ್ಣ ಸ್ವರಾಜ್ಯವೆಂದು ಸಾರಿತು. 1947ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಶಾಸನ ಮಾಡಿದಾಗ ಆ ಶಾಸನದ ಹೆಸರಿನಲ್ಲಿ ಇದ್ದದ್ದು ಇಂಡಿಪೆಂಡೆನ್ಸ್. ಆಳುವವನು ಕೊಟ್ಟ ಹೆಸರಿಗೂ ಹೋರಾಡಿದವನು ಇಟ್ಟುಕೊಂಡ ಹೆಸರಿಗೂ ಇರುವ ಈ ಅಂತರವನ್ನು ಆ ಕಾಲದ ಚರಿತ್ರೆಯನ್ನು ಕನ್ನಡಿಸುವವರು ಕಾಪಾಡಿಕೊಳ್ಳಬೇಕು.

ಹೊಸ ಪಾರಿಭಾಷಿಕ ಶಬ್ದಗಳನ್ನು ಟಂಕಿಸಬೇಕೆಂದು ನಾನು ತಮ್ಮನ್ನು ಕೇಳುತ್ತಿಲ್ಲ. ಹಾಗೆ ಟಂಕಿಸಿದ ಶಬ್ದಗಳಲ್ಲಿ ಹಲವು ಅಚ್ಚಿನಲ್ಲಿ ಹುಟ್ಟಿ ಅಚ್ಚಿನಲ್ಲಿಯೇ ತೀರಿಹೋಗುತ್ತವೆ. ಇರುವ ಸಂಪತ್ತೇ ನಮಗೆ ಸಾಕಷ್ಟಿದೆ. ‘ಸ್ವತಂತ್ರ’ವೆಂಬ ಶಬ್ದದ ಘನತೆಯನ್ನೇ ನೋಡಿ. ಪಾಣಿನಿ ತನ್ನ ವ್ಯಾಕರಣದಲ್ಲಿ, ಕ್ರಿಯೆಗೆ ಸಂಬಂಧಿಸಿದ ಕಾರಕಗಳಲ್ಲಿ ಯಾವುದು ಸ್ವತಂತ್ರವೋ ಅದನ್ನು ಕರ್ತೃವೆಂದು ಕರೆದನು. ಕನ್ನಡ ನಾಡಿನಲ್ಲಿಯೇ ಅವತರಿಸಿದ ಮಧ್ವಾಚಾರ್ಯರು ಇರುವ ತತ್ತ್ವವೆಲ್ಲವನ್ನೂ ಸ್ವತಂತ್ರ, ಪರತಂತ್ರ ಎಂದು ಎರಡಾಗಿ ವಿಂಗಡಿಸಿ, ಶ್ರೀಹರಿಯೊಬ್ಬನೇ ಸ್ವತಂತ್ರನೆಂದು ನಿರ್ಣಯಿಸಿದರು. ತಾನೇ ಕರ್ತೃವಾಗಿ ನಿಂತು ನಡೆಯುವ ಸಾಮರ್ಥ್ಯವೆಂಬ ಅರ್ಥ ಈ ಶಬ್ದಕ್ಕೆ ಇಷ್ಟು ಹಿಂದಿನಿಂದ ಕೂಡಿಬಂದಿರುವಾಗ, ದೊರೆ ಬರೆದುಕೊಟ್ಟ ವಿನಾಯಿತಿಗೂ ಅದನ್ನೇ ಬಳಸುವುದು ಶಬ್ದಕ್ಕೇ ಅನ್ಯಾಯ. ಅಲ್ಲಿ ‘ಹಕ್ಕುಬಾಧ್ಯತೆ’ ಎಂಬುದೋ ‘ಮಾನ್ಯ’ವೆಂಬುದೋ ಹೆಚ್ಚು ಒಪ್ಪುತ್ತದೆ.

ನಮ್ಮ ಅಚ್ಚಗನ್ನಡದ ‘ಬಿಡು’ ಎಂಬ ಧಾತುವಂತೂ ಅಕ್ಷಯವಾದದ್ದು. ಸೆರೆಯಿಂದ ಬಿಡುಗಡೆ, ಕೆಲಸದಿಂದ ಬಿಡುವು, ಗುಂಪಿಗೆ ಸೇರದ ಬಿಡಿ, ಸಂಕೋಚವಿಲ್ಲದ ಬಿಚ್ಚುಮನಸ್ಸಿಗೆ ಸಮೀಪವಾದ ಬಿಡುಬೀಸು. ಇಂಗ್ಲಿಷಿನವನು ಫ್ರೀ ಎಂಬ ಒಂದೇ ಶಬ್ದದಿಂದ ಹೇಳುವುದನ್ನು ನಮ್ಮ ಹಳ್ಳಿಯವನು ಇವುಗಳಿಂದ ಬಿಡಿಬಿಡಿಯಾಗಿ ಹೇಳುತ್ತಾನೆ. ಬಿಡುಗಡೆಯೆಂಬುದನ್ನು ನಾವು ಈಗ ಜಲಾಶಯದ ನೀರಿಗೂ ಚಲನಚಿತ್ರಕ್ಕೂ ಅನುದಾನಕ್ಕೂ ಮೀಸಲಿಟ್ಟುಬಿಟ್ಟಿರುವುದು ನನಗೆ ವ್ಯಸನದ ಸಂಗತಿ. ಗುಲಾಮಗಿರಿಯ ಕಥೆಯಲ್ಲಿ ಫ್ರೀಡಂ ಎಂಬುದಕ್ಕೆ ಇದಕ್ಕಿಂತ ಸತ್ತ್ವವುಳ್ಳ ಮಾತು ಕನ್ನಡದಲ್ಲಿ ಇಲ್ಲ. ಇಂಡಿಪೆಂಡೆನ್ಸ್ ಎಂಬುದು ವ್ಯಕ್ತಿಯನ್ನು ಕುರಿತು ಬಂದಾಗ, ‘ಯಾರ ಹಂಗೂ ಇಲ್ಲದೆ’ ಎಂಬ ನಮ್ಮ ನುಡಿಗಟ್ಟು ಅದರ ಮರ್ಮವನ್ನೇ ಹಿಡಿಯುತ್ತದೆ. ದುಡಿದು ತನ್ನ ಕಾಲಮೇಲೆ ನಿಂತ ಹೆಣ್ಣುಮಗಳ ವಿಷಯದಲ್ಲಿ ‘ಆರ್ಥಿಕ ಸ್ವಾತಂತ್ರ್ಯ’ವೆಂದು ಬರೆಯುವುದಕ್ಕಿಂತ ‘ಹಂಗಿಲ್ಲದ ಬಾಳು’ ಎಂದು ಬರೆದರೆ ಅವಳ ತಾಯಿಗೂ ಅದು ಅರ್ಥವಾಗುತ್ತದೆ. ಅಧಿಕಾರದ ಒಂದು ಭಾಗವನ್ನು ಮಾತ್ರ ಪಡೆದ ಸಂಸ್ಥೆಗೆ ‘ಸ್ವಾಯತ್ತ’, ಕಾನೂನಿನ ಮೂಲಕ ದಾಸ್ಯವನ್ನು ಕಳೆದದ್ದಕ್ಕೆ ‘ವಿಮೋಚನೆ’ ಎಂಬುವು ಈಗಾಗಲೇ ನೆಲೆಗೊಂಡಿವೆ, ಅವನ್ನು ಕದಲಿಸಬೇಕಾಗಿಲ್ಲ.

ಒಂದೆಡೆಯಲ್ಲಿ ಕನ್ನಡವೇ ಇಂಗ್ಲಿಷಿಗಿಂತ ಅನುಕೂಲವಾದ ಸ್ಥಿತಿಯಲ್ಲಿದೆಯೆಂಬುದನ್ನೂ ಹೇಳಿಬಿಡಬೇಕು. ಬೆಲೆಯಿಲ್ಲದ್ದು, ಕಟ್ಟಿಲ್ಲದ್ದು ಎಂಬ ಎರಡು ಅರ್ಥಗಳೂ ಫ್ರೀ ಎಂಬುದರಲ್ಲಿ ಬೆರೆತಿರುವುದರಿಂದ, 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ನರು ಘೋಷಿಸಿದ ‘ಫ್ರೀ’ ತಂತ್ರಾಂಶ ಚಳವಳಿಯವರು ತಮ್ಮದು ಪುಕ್ಕಟೆಯ ವಿಷಯವಲ್ಲ, ಬಳಸುವವನ ಹಕ್ಕಿನ ವಿಷಯವೆಂದು ವಿವರಿಸುವುದರಲ್ಲಿಯೇ ಬಹಳ ಶ್ರಮಪಟ್ಟು, ಕೊನೆಗೆ ಪರಭಾಷೆಯಿಂದ ಲಿಬ್ರೆ ಎಂಬ ಶಬ್ದವನ್ನು ಕಡ ತರಬೇಕಾಯಿತು. ನಾವು ‘ಉಚಿತ’ವೆಂದು ಒಂದನ್ನು, ‘ಮುಕ್ತ’ವೆಂದು ಇನ್ನೊಂದನ್ನು ಯಾವ ಆಯಾಸವೂ ಇಲ್ಲದೆ ಬೇರ್ಪಡಿಸಿಟ್ಟಿದ್ದೇವೆ. ಅಲ್ಲಿ ತೋರಿದ ವಿವೇಕವನ್ನು ಉಳಿದ ಕಡೆಯೂ ತೋರಿಸುವುದು ನಮ್ಮಿಂದ ಆಗದ ಕೆಲಸವೇನೂ ಅಲ್ಲ.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಕೈಯಲ್ಲಿರುವ ಗ್ರಂಥದಲ್ಲಿ ಈ ಮೂರು ಶಬ್ದಗಳು ಎದುರಾದಾಗ, ಅವು ಒಂದೇ ಅರ್ಥದಲ್ಲಿ ಬಂದಿವೆಯೋ ಬೇರೆ ಬೇರೆ ಅರ್ಥಗಳಲ್ಲಿ ಬಂದಿವೆಯೋ ಎಂಬುದನ್ನು ಮೊದಲು ಗ್ರಂಥದ ಆದ್ಯಂತವೂ ನೋಡಿ ನಿರ್ಧರಿಸಿಕೊಳ್ಳಿರಿ. ಬೇರೆಯಾಗಿದ್ದರೆ ಕನ್ನಡದಲ್ಲಿಯೂ ಬೇರೆಯಾಗಿಯೇ ಇಡಿರಿ. ಯಾವುದಕ್ಕೆ ಯಾವುದನ್ನು ಇಟ್ಟಿದ್ದೀರೆಂಬುದನ್ನು ಮುನ್ನುಡಿಯಲ್ಲಿ ನಾಲ್ಕು ಸಾಲಿನಲ್ಲಿ ತಿಳಿಸಿರಿ. ವಿಶೇಷವಾಗಿ ಸಂವಿಧಾನವನ್ನು ಕುರಿತ ಪಠ್ಯಗಳನ್ನು ಸಿದ್ಧಗೊಳಿಸುತ್ತಿರುವವರು, 19ನೆಯ ಮತ್ತು 21ನೆಯ ಅನುಚ್ಛೇದಗಳ ಬಳಿಯಲ್ಲಿ, ಮೂಲದಲ್ಲಿರುವುದು ಎರಡು ಶಬ್ದಗಳೆಂಬ ಒಂದು ಟಿಪ್ಪಣಿಯನ್ನಾದರೂ ಮುಂದಿನ ಮುದ್ರಣದಲ್ಲಿ ದಯವಿಟ್ಟು ಸೇರಿಸಿರಿ.

ಇತಿ,
ತಮ್ಮ ವಿಶ್ವಾಸದ ಒಬ್ಬ ವಾಚಕ